ಗುಂಡು ನುಡಿದ ಸಾಕ್ಷಿ, ವಕೀಲರು ಕೇಳದ ಪ್ರಶ್ನೆ

ಕೊಲೆ ನಡೆದದ್ದು ಕತ್ತಲಲ್ಲಲ್ಲ, ಏಕಾಂತದಲ್ಲೂ ಅಲ್ಲ. ದೊಡ್ಡ ಹೋಟೆಲೊಂದರ ಅಡುಗೆಮನೆಗೆ ಹೊಂದಿಕೊಂಡ ಉಗ್ರಾಣದಲ್ಲಿ, ದೀಪದ ಬೆಳಕಿನಲ್ಲಿ, ಎಪ್ಪತ್ತಕ್ಕೂ ಹೆಚ್ಚು ಜನ ಕಿಕ್ಕಿರಿದಿದ್ದಾಗ. ಗುಂಡು ಹಾರಿಸಿದವನು ಓಡಿಹೋಗಲಿಲ್ಲ. ರಿವಾಲ್ವರ್ ಸಮೇತ ಸ್ಥಳದಲ್ಲೇ ಸಿಕ್ಕಿಬಿದ್ದ. ಅವನ ದಿನಚರಿಯಲ್ಲಿ ಈ ನಾಯಕ ಸಾಯಲೇಬೇಕು ಎಂಬ ಮಾತು ಮತ್ತೆ ಮತ್ತೆ ಬರೆದಿತ್ತು. ನ್ಯಾಯಾಲಯದಲ್ಲಿ ಅವನೇ ತಪ್ಪೊಪ್ಪಿಕೊಂಡ. ಇಂಥ ಮೊಕದ್ದಮೆಯಲ್ಲಿ ಸಂದೇಹಕ್ಕೆ ಎಡೆಯೆಲ್ಲಿ?

ಆದರೂ ಅಮೆರಿಕದ ಸೆನೆಟರ್ ರಾಬರ್ಟ್ ಕೆನೆಡಿ ಹತ್ಯೆಯ ಕುರಿತ ವಾದವಿವಾದ ಅರ್ಧ ಶತಮಾನ ಕಳೆದರೂ ಮುಗಿದಿಲ್ಲ. ಸತ್ತವನ ಮಗನೂ, ಅದೇ ರಾತ್ರಿ ತಲೆಗೆ ಗುಂಡು ತಗುಲಿ ಬದುಕುಳಿದವನೂ ಮರುತನಿಖೆ ಕೇಳಿದವರಲ್ಲಿ ಸೇರಿದ್ದಾರೆ. ಈ ವಾದದ ಹೆಚ್ಚಿನ ಭಾಗ ಸುತ್ತುವುದು ಒಂದೇ ವಿಷಯದ ಸುತ್ತ. ಗುಂಡುಗಳನ್ನು ಪರೀಕ್ಷಿಸಿದ ಪೊಲೀಸ್ ತಜ್ಞ ನ್ಯಾಯಾಲಯದಲ್ಲಿ ಏನು ಹೇಳಿದ, ಅವನನ್ನು ಯಾರೂ ಏನನ್ನು ಕೇಳಲಿಲ್ಲ ಎಂಬುದೇ ಆ ವಿಷಯ.

ಆ ರಾತ್ರಿ

1968ರ ಜೂನ್ 5. ಲಾಸ್ ಏಂಜಲೀಸ್ ನಗರದ ಅಂಬಾಸಡರ್ ಹೋಟೆಲ್. ಅಧ್ಯಕ್ಷ ಪದವಿಯ ಉಮೇದುವಾರಿಕೆಗಾಗಿ ನಡೆದ ಕ್ಯಾಲಿಫೋರ್ನಿಯಾ ಪ್ರಾಥಮಿಕ ಚುನಾವಣೆಯಲ್ಲಿ ಗೆದ್ದ ಕೆನೆಡಿ, ಬೆಂಬಲಿಗರಿಗೆ ವಂದನೆ ಹೇಳಿ ಮಧ್ಯರಾತ್ರಿ ಕಳೆದು ಕಾಲು ಗಂಟೆಯ ಹೊತ್ತಿಗೆ ಉಗ್ರಾಣದ ಹಾದಿಯಾಗಿ ಪತ್ರಕರ್ತರನ್ನು ಕಾಣಲು ಹೊರಟಿದ್ದರು. ಸಿರ್ಹಾನ್ ಸಿರ್ಹಾನ್ ಎಂಬ 24 ವರ್ಷದ ಪ್ಯಾಲೆಸ್ಟೀನ್ ಮೂಲದ ಯುವಕ ಎದುರಿನಿಂದ ಬಂದು ಗುಂಡು ಹಾರಿಸತೊಡಗಿದ. ಅವನ ಕೈಯಲ್ಲಿದ್ದದ್ದು ಐವರ್ ಜಾನ್ಸನ್ ಕಂಪನಿಯ ಪಾಯಿಂಟ್ 22 ಕ್ಯಾಲಿಬರ್ ರಿವಾಲ್ವರ್. ಎಂಟು ತೋಟಾ ಹಿಡಿಯುವ ಸಣ್ಣ ಆಯುಧ. ಸುತ್ತಲಿದ್ದವರು ಮೇಲೆ ಬಿದ್ದು ಅವನನ್ನು ಹಿಡಿದರು. ಕಿತ್ತುಕೊಂಡ ರಿವಾಲ್ವರನ್ನು ಪೊಲೀಸರಿಗೆ ಒಪ್ಪಿಸಿದವರು 1960ರ ರೋಮ್ ಒಲಿಂಪಿಕ್ಸ್‌ನ ಡೆಕಾಥ್ಲಾನ್ ಚಿನ್ನ ಗೆದ್ದ ರೇಫರ್ ಜಾನ್ಸನ್.

ಕೆನೆಡಿ ಮರುದಿನ ನಸುಕಿನಲ್ಲಿ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಇನ್ನೂ ಐವರಿಗೆ ಗುಂಡು ತಗುಲಿತ್ತು, ಅವರೆಲ್ಲ ಬದುಕಿದರು. ಐದು ವರ್ಷಗಳ ಹಿಂದೆ, 1963ರಲ್ಲಿ, ಅಣ್ಣ ಜಾನ್ ಕೆನೆಡಿ ಡಲ್ಲಾಸ್‌ನಲ್ಲಿ ಹತರಾಗಿದ್ದರು. ಆ ಪ್ರಕರಣದ ಆರೋಪಿ ವಿಚಾರಣೆಗೆ ಮೊದಲೇ ಕೊಲೆಯಾಗಿ ಹೋದುದರಿಂದ ಸಂದೇಹಗಳು ಉಳಿದುಬಿಟ್ಟವು. ಈ ಬಾರಿ ಹಾಗಾಗಕೂಡದೆಂದು ಲಾಸ್ ಏಂಜಲೀಸ್ ಪೊಲೀಸರು ಪಣ ತೊಟ್ಟರು. ಆದರೂ ಆದದ್ದು ಬೇರೆ.

ಗುಂಡಿನ ಮೈಮೇಲಿನ ಬರಹ

ಮುಂದಿನ ಕಥೆ ತಿಳಿಯಬೇಕಾದರೆ ಗುಂಡು ಸಾಕ್ಷಿ ನುಡಿಯುವುದು ಹೇಗೆಂಬುದನ್ನು ಮೊದಲು ನೋಡಬೇಕು.

ಪಿಸ್ತೂಲು, ರಿವಾಲ್ವರ್, ರೈಫಲ್‌ಗಳ ನಳಿಗೆಯ ಒಳಮೈ ನುಣುಪಾಗಿರುವುದಿಲ್ಲ. ತಿರುಗುವ ಬುಗುರಿ ನೆಟ್ಟಗೆ ನಿಲ್ಲುವಂತೆ, ಗಿರಗಿರನೆ ತಿರುಗುವ ಗುಂಡು ಓರೆಯಾಗದೆ ನೇರ ಹೋಗುತ್ತದೆ. ಅದಕ್ಕಾಗಿ ನಳಿಗೆಯೊಳಗೆ ಸುರುಳಿಯಾಗಿ ತೋಡುಗಳನ್ನು ಕೊರೆದಿರುತ್ತಾರೆ. ಗುಂಡು ಬಿಗಿಯಾಗಿ ತೂರಿ ಹೋಗುವಾಗ ಈ ತೋಡುಗಳ ಅಚ್ಚು ಅದರ ಮೈಮೇಲೆ ಬೀಳುತ್ತದೆ. ತೋಡುಗಳು ಎಷ್ಟು, ಎಷ್ಟು ಅಗಲ, ಎಡಕ್ಕೆ ತಿರುಗಿವೆಯೋ ಬಲಕ್ಕೋ ಎಂಬುದನ್ನು ನೋಡಿದರೆ ಯಾವ ಮಾದರಿಯ ಆಯುಧ ಎಂದು ಹೇಳಬಹುದು. ಆದರೆ ಒಂದೇ ಮಾದರಿಯ ಸಾವಿರಾರು ರಿವಾಲ್ವರ್‌ಗಳು ಮಾರುಕಟ್ಟೆಯಲ್ಲಿರುತ್ತವೆ. ಇದೇ ರಿವಾಲ್ವರ್ ಎನ್ನಬೇಕಾದರೆ ಇನ್ನೂ ಸೂಕ್ಷ್ಮವಾದ ಗುರುತು ಬೇಕು.

ಮುಕ್ಕಾದ ಮಚ್ಚಿನಿಂದ ಕಬ್ಬು ಕಡಿದರೆ ಮಚ್ಚಿನ ಬಾಯಿಯ ಮುಕ್ಕು ಕಬ್ಬಿನ ಮೇಲೆ ಗೀರಾಗಿ ಮೂಡುತ್ತದಲ್ಲವೆ? ಅದೇ ರೀತಿ ನಳಿಗೆಯನ್ನು ಕೊರೆಯುವಾಗ ಉಳಿದ, ಬಳಕೆಯಿಂದ ಆದ ಸಣ್ಣ ಸಣ್ಣ ಏರುತಗ್ಗುಗಳು ಗುಂಡಿನ ಮೇಲೆ ಕೂದಲೆಳೆಯಂಥ ಗೀರುಗಳನ್ನು ಎಳೆಯುತ್ತವೆ. ವಶಪಡಿಸಿಕೊಂಡ ಆಯುಧದಿಂದ ನೀರಿನ ತೊಟ್ಟಿಗೆ ಗುಂಡು ಹಾರಿಸಿ, ಆ ಗುಂಡನ್ನೂ ಹತನ ದೇಹದಲ್ಲಿ ಸಿಕ್ಕ ಗುಂಡನ್ನೂ ಅಕ್ಕಪಕ್ಕ ಇಟ್ಟು, ಎರಡನ್ನೂ ಒಂದೇ ನೋಟದಲ್ಲಿ ತೋರಿಸುವ ಸೂಕ್ಷ್ಮದರ್ಶಕದಲ್ಲಿ ತಜ್ಞ ಹೋಲಿಸುತ್ತಾನೆ. 1925ರಲ್ಲಿ ನ್ಯೂಯಾರ್ಕಿನಲ್ಲಿ ಕಾಲ್ವಿನ್ ಗೊಡಾರ್ಡ್ ಮತ್ತು ಸಂಗಡಿಗರು ಬಳಕೆಗೆ ತಂದ ಈ ವಿಧಾನ ಇಂದಿಗೂ ಪ್ರಯೋಗಾಲಯಗಳ ಮುಖ್ಯ ಆಧಾರ.

ಇಲ್ಲಿ ಓದುಗರು ಗಮನಿಸಬೇಕಾದ ಅಂಶವೊಂದಿದೆ. ಎಷ್ಟು ಗೀರು ಹೊಂದಿದರೆ ಸಾಕು ಎಂಬುದಕ್ಕೆ ಎಲ್ಲರೂ ಒಪ್ಪಿದ ಲೆಕ್ಕವಿಲ್ಲ. ಸಾಕಷ್ಟು ಹೊಂದಿದೆ ಎಂದು ಕೊನೆಗೆ ತೀರ್ಮಾನಿಸುವುದು ತಜ್ಞನ ಕಣ್ಣು, ಅವನ ಅನುಭವ. ಯಂತ್ರ ನುಡಿದಂತೆ ಕೇಳಿಸುವ ಸಾಕ್ಷ್ಯದ ಒಳಗಿರುವುದು ಮನುಷ್ಯನ ಅಭಿಪ್ರಾಯ. ಹೀಗಾಗಿಯೇ ತಜ್ಞನನ್ನು ಪಾಟೀಸವಾಲಿಗೆ ಒಳಪಡಿಸುವುದು ಮುಖ್ಯವಾಗುತ್ತದೆ.

ಸವಾಲಿಲ್ಲದ ಸಾಕ್ಷ್ಯ

ಕೆನೆಡಿ ಪ್ರಕರಣದಲ್ಲಿ ಗುಂಡುಗಳನ್ನು ಪರೀಕ್ಷಿಸಿದವರು ಲಾಸ್ ಏಂಜಲೀಸ್ ಪೊಲೀಸ್ ಪ್ರಯೋಗಾಲಯದ ಡೀವೇನ್ ವೂಲ್ಫರ್. ತಲೆಗೆ ಹೊಕ್ಕು ಪ್ರಾಣ ತೆಗೆದ ಗುಂಡು ಚೂರುಚೂರಾಗಿತ್ತು; ಹೋಲಿಕೆಗೆ ಬರುವಂತಿರಲಿಲ್ಲ. ಕೆನೆಡಿಯವರ ಕುತ್ತಿಗೆಯ ಬಳಿ ಸಿಕ್ಕ ಒಂದು ಗುಂಡು, ಇಬ್ಬರು ಗಾಯಾಳುಗಳ ದೇಹದಿಂದ ತೆಗೆದ ತಲಾ ಒಂದು ಗುಂಡು, ಹೀಗೆ ಮುಖ್ಯವಾಗಿ ಮೂರು ಗುಂಡುಗಳು ಹೋಲಿಕೆಗೆ ಒದಗಿದವು. ಈ ಮೂರೂ ಸಿರ್ಹಾನ್‌ನ ರಿವಾಲ್ವರ್‌ನಿಂದಲೇ ಹಾರಿದವು, ಬೇರೆ ಯಾವುದರಿಂದಲೂ ಅಲ್ಲ ಎಂದು 1969ರ ಫೆಬ್ರುವರಿಯಲ್ಲಿ ವೂಲ್ಫರ್ ಸಾಕ್ಷ್ಯ ನುಡಿದರು.

ಆರೋಪಿಯ ವಕೀಲರು ಈ ಮಾತನ್ನು ಪ್ರಶ್ನಿಸಲಿಲ್ಲ. ಅದಕ್ಕೆ ಕಾರಣವೂ ಇತ್ತು. ಕಕ್ಷಿಗಾರ ಗುಂಡು ಹಾರಿಸಿದ್ದನ್ನು ಎಲ್ಲರೂ ನೋಡಿದ್ದರು. ಹಾರಿಸಲಿಲ್ಲ ಎಂದು ವಾದಿಸಿದರೆ ಜ್ಯೂರಿಯ ಮುಂದೆ ನಗೆಪಾಟಲು. ಆಗ ಅವನ ಮನಸ್ಸು ಸ್ಥಿಮಿತದಲ್ಲಿರಲಿಲ್ಲ ಎಂದು ವಾದಿಸಿ ಮರಣದಂಡನೆಯಿಂದ ಪಾರುಮಾಡುವುದಷ್ಟೇ ವಕೀಲರ ಗುರಿಯಾಗಿತ್ತು. ಹೀಗಾಗಿ ಗುಂಡುಗಳ ವಿಷಯವನ್ನು ಅವರು ಒಪ್ಪಿಕೊಂಡೇ ಮುಂದೆ ಹೋದರು. ಆ ತಂತ್ರವೂ ಫಲಿಸಲಿಲ್ಲ. 1969ರ ಏಪ್ರಿಲ್‌ನಲ್ಲಿ ಮರಣದಂಡನೆ ವಿಧಿಸಲಾಯಿತು. 1972ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ರಾಜ್ಯದ ಮರಣದಂಡನೆ ಪದ್ಧತಿಯನ್ನೇ ರದ್ದು ಮಾಡಿದ್ದರಿಂದ ಅದು ಜೀವಾವಧಿ ಶಿಕ್ಷೆಯಾಯಿತು.

ಒಬ್ಬ ವಕೀಲನ ಲೆಕ್ಕಾಚಾರ ಅವನ ಕಕ್ಷಿಗಾರನ ಮಟ್ಟಿಗೆ ಸರಿಯಿರಬಹುದು. ಆದರೆ ಪ್ರಶ್ನೆ ಕೇಳದೆ ಬಿಟ್ಟಾಗ ಅದು ಸಾಯುವುದಿಲ್ಲ. ನ್ಯಾಯಾಲಯದ ಹೊರಗೆ ಹೋಗಿ ಬೆಳೆಯುತ್ತದೆ.

ಲಕೋಟೆಯ ಮೇಲಿನ ಸಂಖ್ಯೆ

ಮೊದಲು ಕಣ್ಣಿಗೆ ಬಿದ್ದದ್ದು ಒಂದು ಲಕೋಟೆ. ಹೋಲಿಕೆಗಾಗಿ ಹಾರಿಸಿದ ಪರೀಕ್ಷಾ ಗುಂಡುಗಳನ್ನು ಇಟ್ಟು ನ್ಯಾಯಾಲಯಕ್ಕೆ ಒಪ್ಪಿಸಿದ ಲಕೋಟೆಯ ಮೇಲೆ ಆಯುಧದ ಸಂಖ್ಯೆ ಎಚ್ 18602 ಎಂದು ಬರೆದಿತ್ತು. ಸಿರ್ಹಾನ್‌ನ ರಿವಾಲ್ವರ್‌ನ ಸಂಖ್ಯೆ ಎಚ್ 53725. ಮೊದಲನೆಯದು ಅದೇ ಕಂಪನಿಯ, ಅದೇ ಬಗೆಯ ಇನ್ನೊಂದು ರಿವಾಲ್ವರ್. ಇತರ ಕೆಲವು ಪರೀಕ್ಷೆಗಳಿಗೆಂದು ಪೊಲೀಸರು ತಮ್ಮ ದಾಸ್ತಾನಿನಿಂದ ತರಿಸಿದ್ದು. ಇದು ಗುಮಾಸ್ತಿಕೆಯ ತಪ್ಪು, ಸಂಖ್ಯೆ ಬರೆಯುವಾಗ ಆದ ಎಡವಟ್ಟು ಎಂದು ಪೊಲೀಸ್ ಇಲಾಖೆ ವಿವರಿಸಿತು. ಇರಬಹುದು. ಆದರೆ ಮುದ್ದೇಮಾಲಿನ ಮೇಲಿನ ಚೀಟಿ ತಪ್ಪಾಗಿದ್ದರೆ ಅದನ್ನು ತಜ್ಞ ಕಟಕಟೆಯಲ್ಲಿ ನಿಂತಾಗಲೇ ಕೇಳಿ ಸರಿಪಡಿಸಿಕೊಳ್ಳಬೇಕು. ಅಲ್ಲಿ ಯಾರೂ ಕೇಳಲಿಲ್ಲ. ಆ ಎರಡನೆಯ ರಿವಾಲ್ವರನ್ನು ಪೊಲೀಸರು ಆಮೇಲೆ ನಾಶಮಾಡಿದ್ದರು.

ಮುಂದಿನ ಪ್ರಶ್ನೆ ಎತ್ತಿದವರು ಕ್ಯಾಲಿಫೋರ್ನಿಯಾದ ಪಸಡೀನದ ಹಿರಿಯ ತಜ್ಞ ವಿಲಿಯಂ ಹಾರ್ಪರ್. 1970ರಲ್ಲಿ ಅವರು ಗುಂಡುಗಳ ಸುತ್ತಳತೆಯನ್ನು ಬಿಚ್ಚಿ ಹರಡಿದಂತೆ ತೋರಿಸುವ ವಿಶೇಷ ಕ್ಯಾಮೆರಾದಿಂದ ಚಿತ್ರ ತೆಗೆದರು. ಕೆನೆಡಿಯವರ ಕುತ್ತಿಗೆಯ ಗುಂಡಿನ ತೋಡುಗಳ ಓರೆಗೂ ಇನ್ನೊಬ್ಬ ಗಾಯಾಳುವಿನ ಗುಂಡಿನ ತೋಡುಗಳ ಓರೆಗೂ ವ್ಯತ್ಯಾಸವಿದೆ, ಅದು ಒಂದು ಡಿಗ್ರಿಯ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಎಂದರು. ಹಾಗಾದರೆ ಗುಂಡು ಹಾರಿಸಿದ ಆಯುಧಗಳು ಎರಡು ಎಂಬುದು ಅವರ ಪ್ರಮಾಣಪತ್ರದ ಸಾರ.

ಇದರ ಜೊತೆಗೆ ಮರಣೋತ್ತರ ಪರೀಕ್ಷೆಯ ತೊಡಕು. ಪರೀಕ್ಷೆ ನಡೆಸಿದ ಡಾ. ಥಾಮಸ್ ನೊಗುಚಿ, ಗಾಯದ ಸುತ್ತ ಕೂತ ಮದ್ದಿನ ಕಣಗಳನ್ನು ಗಮನಿಸಿದರು. ಮಾರಕ ಗುಂಡು ಬಲಗಿವಿಯ ಹಿಂದಿನಿಂದ, ಕೆಲವೇ ಅಂಗುಲಗಳ ಅಂತರದಿಂದ ಬಂದಿದೆ ಎಂದು ಕಂಡುಕೊಂಡರು. ಹಂದಿಯ ಕಿವಿಗಳ ಮೇಲೆ ಬೇರೆ ಬೇರೆ ಅಂತರದಿಂದ ಗುಂಡು ಹಾರಿಸಿ ಅದನ್ನು ಖಚಿತಪಡಿಸಿಕೊಂಡರು. ಆದರೆ ಹೆಚ್ಚಿನ ಪ್ರತ್ಯಕ್ಷದರ್ಶಿಗಳು ಸಿರ್ಹಾನ್ ಎದುರಿಗಿದ್ದ, ಅವನ ಆಯುಧ ಅಷ್ಟು ಹತ್ತಿರ ಬರಲಿಲ್ಲ ಎಂದರು. ಕೆನೆಡಿ ಕೈಕುಲುಕಲು ಪಕ್ಕಕ್ಕೆ ತಿರುಗಿದ್ದರು, ಗುಂಪಿನ ತಳ್ಳಾಟದಲ್ಲಿ ಯಾರಿಗೂ ಎಲ್ಲವೂ ಕಾಣಲಿಲ್ಲ ಎಂಬುದು ಇದಕ್ಕೆ ಸರ್ಕಾರಿ ಪಕ್ಷದ ಉತ್ತರ. ಭಯದಲ್ಲಿ ಕಂಡವರ ನೆನಪು ಅಂಗುಲ ಅಡಿಗಳ ಲೆಕ್ಕಕ್ಕೆ ಸಿಗುವುದು ಕಷ್ಟ ಎಂಬುದೂ ನಿಜವೇ.

ಎಂಟರ ಲೆಕ್ಕ

ಇನ್ನೊಂದು ಪ್ರಶ್ನೆ ಸೂಕ್ಷ್ಮದರ್ಶಕದ್ದಲ್ಲ, ಬೆರಳೆಣಿಕೆಯದು. ರಿವಾಲ್ವರ್‌ನಲ್ಲಿದ್ದದ್ದು ಎಂಟು ಗುಂಡು. ಪೊಲೀಸರ ಲೆಕ್ಕದಲ್ಲಿ ಮೂರು ಕೆನೆಡಿಯವರ ದೇಹ ಹೊಕ್ಕವು. ಅವುಗಳಲ್ಲೊಂದು ಎದೆಯ ಮೂಲಕ ಹೊರಬಿದ್ದು ಚಾವಣಿಯ ಮೇಲಿನ ಟೊಳ್ಳಿನಲ್ಲಿ ಕಳೆದುಹೋಯಿತು. ಇನ್ನೊಂದು ಕೆನೆಡಿಯವರ ಕೋಟಿನ ಭುಜವನ್ನು ಹರಿದು ಹಿಂದೆ ನಿಂತಿದ್ದ ಪಾಲ್ ಶ್ರೇಡ್ ಅವರ ತಲೆಗೆ ಬಡಿಯಿತು. ಉಳಿದ ನಾಲ್ಕು ಇತರ ನಾಲ್ವರು ಗಾಯಾಳುಗಳಿಗೆ. ಅವುಗಳಲ್ಲೊಂದು ಚಾವಣಿಗೆ ಬಡಿದು ಮರಳಿ ಬಂದದ್ದು. ಮೂರು, ಒಂದು, ನಾಲ್ಕು. ಅಲ್ಲಿಗೆ ಎಂಟೂ ಮುಗಿಯಿತು.

ಅಂದರೆ ಉಗ್ರಾಣದ ಗೋಡೆಯಲ್ಲೋ ಬಾಗಿಲ ಚೌಕಟ್ಟಿನಲ್ಲೋ ಒಂದೇ ಒಂದು ಹೆಚ್ಚಿನ ಗುಂಡು ಹೊಕ್ಕಿದ್ದರೂ ಲೆಕ್ಕ ತಪ್ಪುತ್ತದೆ. ಎರಡನೆಯ ಆಯುಧ ಇತ್ತೆಂದೇ ಅರ್ಥ. ಎಫ್‌ಬಿಐ ತೆಗೆದ ಫೋಟೋಗಳಲ್ಲಿ ಬಾಗಿಲ ಚೌಕಟ್ಟಿನ ತೂತುಗಳನ್ನು ಗುಂಡಿನ ತೂತುಗಳೆಂದೇ ಹೆಸರಿಸಲಾಗಿತ್ತು. ಅವು ಗುಂಡಿನವಲ್ಲ ಎಂದರು ಲಾಸ್ ಏಂಜಲೀಸ್ ಪೊಲೀಸರು. ಯಾರ ಮಾತು ಸರಿ? ಚೌಕಟ್ಟನ್ನೇ ತಂದು ಪರೀಕ್ಷಿಸಿದ್ದರೆ ಗೊತ್ತಾಗುತ್ತಿತ್ತು. ಪೊಲೀಸರು ಆ ಚೌಕಟ್ಟಿನ ಮರವನ್ನೂ ಚಾವಣಿಯ ಹಲಗೆಗಳನ್ನೂ ಕಿತ್ತು ತಂದಿದ್ದರು ಕೂಡ. ಆದರೆ ತೀರ್ಪು ಹೊರಬಿದ್ದ 1969ರಲ್ಲೇ, ಮೇಲ್ಮನವಿಯ ಹಾದಿ ಇನ್ನೂ ತೆರೆದಿದ್ದಾಗ, ಅವನ್ನು ನಾಶಮಾಡಲಾಯಿತು. ಇಡಲು ಜಾಗವಿರಲಿಲ್ಲ ಎಂಬುದು 1975ರಲ್ಲಿ ಕೊಟ್ಟ ಸಮಜಾಯಿಷಿ.

ಏಳು ವರ್ಷ ತಡವಾದ ಪರೀಕ್ಷೆ

ಅದೇ 1975ರಲ್ಲಿ ಪಾಲ್ ಶ್ರೇಡ್ ಹಾಗೂ ಸಿಬಿಎಸ್ ಟೆಲಿವಿಷನ್ ಸಂಸ್ಥೆ ನ್ಯಾಯಾಲಯದ ಮೊರೆ ಹೊಕ್ಕವು. ಮೋಟಾರು ಕಾರ್ಮಿಕರ ಸಂಘದ ನಾಯಕರಾಗಿದ್ದ ಶ್ರೇಡ್, ತಮಗೆ ಗುಂಡು ಹೊಡೆದವನು ಸಿರ್ಹಾನನೇ ಎಂಬುದನ್ನು ಅಲ್ಲಗಳೆದವರಲ್ಲ. ಕೆನೆಡಿಯವರನ್ನು ಕೊಂದ ಗುಂಡು ಯಾರದೆಂಬುದಷ್ಟೇ ಅವರ ಪ್ರಶ್ನೆ. ನ್ಯಾಯಾಧೀಶ ರಾಬರ್ಟ್ ವೆಂಕಿ ಏಳು ಮಂದಿ ಸ್ವತಂತ್ರ ತಜ್ಞರ ಮಂಡಲಿಯನ್ನು ನೇಮಿಸಿದರು. ಅವರು ಸಿರ್ಹಾನ್‌ನ ರಿವಾಲ್ವರ್‌ನಿಂದ ಹೊಸದಾಗಿ ಗುಂಡು ಹಾರಿಸಿ ಹಳೆಯ ಗುಂಡುಗಳೊಂದಿಗೆ ಹೋಲಿಸಿದರು.

ಅವರ ವರದಿಯಲ್ಲಿ ಎರಡು ಮಾತುಗಳಿದ್ದವು. ಎರಡನ್ನೂ ಒಟ್ಟಿಗೆ ಓದಬೇಕು.

ಒಂದು: ಎರಡನೆಯ ಆಯುಧ ಬಳಕೆಯಾಗಿದೆ ಎನ್ನಲು ಯಾವ ಗಟ್ಟಿ ಆಧಾರವೂ ಸಿಗಲಿಲ್ಲ. ಹಾರ್ಪರ್ ಹೇಳಿದ ಓರೆಯ ವ್ಯತ್ಯಾಸವನ್ನು ಮಂಡಲಿ ಎತ್ತಿ ಹಿಡಿಯಲಿಲ್ಲ. ಮೂರು ಗುಂಡುಗಳೂ ಒಂದೇ ಆಯುಧದಿಂದ ಹಾರಿದಂತಿವೆ ಎಂಬ ಕಡೆಗೇ ಅದರ ಅಭಿಪ್ರಾಯ ವಾಲಿತು.

ಎರಡು: ಆ ಒಂದು ಆಯುಧ ಸಿರ್ಹಾನ್‌ನ ಇದೇ ರಿವಾಲ್ವರ್ ಎಂದು ಮಂಡಲಿ ಖಚಿತವಾಗಿ ಹೇಳಲಾರದೆ ಹೋಯಿತು. ನಳಿಗೆಯೊಳಗೆ ಸೀಸ ಕಟ್ಟಿಕೊಂಡಿತ್ತು. ಅದೇ ರಿವಾಲ್ವರ್‌ನಿಂದ ಒಂದರ ಹಿಂದೊಂದು ಹಾರಿಸಿದ ಗುಂಡುಗಳ ಗೀರುಗಳೇ ಒಂದಕ್ಕೊಂದು ಸರಿಯಾಗಿ ಹೊಂದುತ್ತಿರಲಿಲ್ಲ.

ಎರಡನೆಯ ಆಯುಧದ ಕಥೆಯನ್ನು ನಂಬಿದವರಿಗೆ ಮೊದಲ ಮಾತು ರುಚಿಸಲಿಲ್ಲ. ಪೊಲೀಸರಿಗೆ ಎರಡನೆಯ ಮಾತು ರುಚಿಸಲಿಲ್ಲ. ಪತ್ರಿಕೆಗಳ ತಲೆಬರಹಗಳಲ್ಲಿ ಅವರವರಿಗೆ ಬೇಕಾದ ಅರ್ಧ ಮಾತ್ರ ಉಳಿಯಿತು. ಆದರೆ 1969ರಲ್ಲಿ ಒಬ್ಬ ತಜ್ಞ ‘ಇದೇ, ಬೇರೆಯಲ್ಲ’ ಎಂದು ಖಡಾಖಂಡಿತ ಹೇಳಿದ್ದನ್ನು ಏಳು ಮಂದಿ ತಜ್ಞರು ಹಾಗೆ ಹೇಳಲಾಗದು ಎಂದರು ಎಂಬುದು ಸಣ್ಣ ಸಂಗತಿಯಲ್ಲ. ಜಿಲ್ಲಾ ಸರ್ಕಾರಿ ವಕೀಲರ ಪರವಾಗಿ ತನಿಖೆ ನಡೆಸಿ 1977ರಲ್ಲಿ ವರದಿ ಕೊಟ್ಟ ಥಾಮಸ್ ಕ್ರಾಂಜ್, ಸಿರ್ಹಾನ್ ಒಬ್ಬನೇ ಅಪರಾಧಿ ಎಂದು ಒಪ್ಪಿದರು. ಜೊತೆಗೇ ವೂಲ್ಫರ್ ತಮ್ಮ ಪರೀಕ್ಷೆಯ ಟಿಪ್ಪಣಿ, ದಾಖಲೆಗಳನ್ನು ಸರಿಯಾಗಿ ಇಟ್ಟಿರಲಿಲ್ಲ ಎಂದೂ ಟೀಕಿಸಿದರು.

ಆಮೇಲೆ ಬಂದ ಪುರಾವೆಗಳೂ ಇದೇ ದಾರಿ ಹಿಡಿದವು. ಆ ರಾತ್ರಿಯ ಒಂದು ಧ್ವನಿಸುರುಳಿಯಲ್ಲಿ ಹದಿಮೂರು ಗುಂಡಿನ ಸದ್ದಿದೆ ಎಂದು ಒಬ್ಬ ತಜ್ಞ ಹೇಳಿದರೆ, ಎಂಟಕ್ಕಿಂತ ಹೆಚ್ಚಿಲ್ಲ ಎಂದು ಇತರರು ಹೇಳಿದರು. ಉಗ್ರಾಣವನ್ನೇ ಮತ್ತೆ ಅಳೆದು ನೋಡೋಣವೆಂದರೆ ಹೋಟೆಲನ್ನು 2005-06ರಲ್ಲಿ ಕೆಡವಲಾಗಿದೆ. ಆ ಜಾಗದಲ್ಲಿ ಈಗ ಕೆನೆಡಿಯವರ ಹೆಸರಿನ ಶಾಲೆಗಳಿವೆ. ಸಿರ್ಹಾನ್‌ನ ಕಾನೂನು ಹೋರಾಟವನ್ನು 2015ರಲ್ಲಿ ಫೆಡರಲ್ ನ್ಯಾಯಾಲಯ ತಳ್ಳಿಹಾಕಿತು. 2021ರಲ್ಲಿ ಪೆರೋಲ್ ಮಂಡಲಿ ಬಿಡುಗಡೆಗೆ ಶಿಫಾರಸು ಮಾಡಿದಾಗ ಕೆನೆಡಿ ಕುಟುಂಬವೇ ಎರಡಾಯಿತು. ಪತ್ನಿ ಎಥೆಲ್ ವಿರೋಧಿಸಿದರು, ಇಬ್ಬರು ಗಂಡುಮಕ್ಕಳು ಬೆಂಬಲಿಸಿದರು. 2022ರ ಜನವರಿಯಲ್ಲಿ ರಾಜ್ಯದ ಗವರ್ನರ್ ಶಿಫಾರಸನ್ನು ತಿರಸ್ಕರಿಸಿದರು. ಮರುತನಿಖೆಗಾಗಿ ದಶಕಗಳ ಕಾಲ ಅಲೆದ ಪಾಲ್ ಶ್ರೇಡ್ ಅದೇ ವರ್ಷ ನವೆಂಬರ್‌ನಲ್ಲಿ ತೀರಿಕೊಂಡರು. ಅವರಿಗೆ ಉತ್ತರ ಸಿಗಲಿಲ್ಲ.

ವಿಜ್ಞಾನ ಈಗ ಏನೆನ್ನುತ್ತದೆ?

1969ರಲ್ಲಿ ಕೇಳದೆ ಬಿಟ್ಟ ಪ್ರಶ್ನೆಯನ್ನು ಈಚಿನ ವರ್ಷಗಳಲ್ಲಿ ವಿಜ್ಞಾನಿಗಳೇ ಕೇಳತೊಡಗಿದ್ದಾರೆ. 2009ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ, ಗುಂಡಿನ ಗೀರುಗಳ ಹೋಲಿಕೆಗೆ ಖಚಿತವಾದ ವಿಧಿವಿಧಾನ ಇಲ್ಲವೆಂದು ಎಚ್ಚರಿಸಿತು. 2016ರಲ್ಲಿ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಲಿ, ತಜ್ಞರು ಎಷ್ಟು ಸಲ ತಪ್ಪುತ್ತಾರೆಂದು ಅಳೆಯಲು ಸರಿಯಾಗಿ ರೂಪಿಸಿದ ಅಧ್ಯಯನ ಆವರೆಗೆ ಒಂದೇ ಒಂದು ನಡೆದಿದೆ ಎಂದಿತು. ಅದರ ಪ್ರಕಾರ ಹೊಂದದ ಗುಂಡನ್ನು ಹೊಂದುತ್ತದೆ ಎನ್ನುವ ತಪ್ಪು ಸುಮಾರು 66ಕ್ಕೆ ಒಂದು. ಆಮೇಲೆ ಇನ್ನಷ್ಟು ಅಧ್ಯಯನಗಳು ನಡೆದಿವೆ, ತಪ್ಪು ಇನ್ನೂ ಕಡಿಮೆ ಎನ್ನುವವರೂ ಇದ್ದಾರೆ. ತಪ್ಪು ವಿರಳವೇ ಇರಬಹುದು. ಆದರೆ ನೇಣಿನ ಕುಣಿಕೆ ಒಂದು ಗೀರಿನ ಮೇಲೆ ನಿಂತಾಗ ಅದು ಲೆಕ್ಕಕ್ಕೆ ಬರುತ್ತದೆ.

2023ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗುಂಡಿನ ಗುರುತುಗಳು ಈ ಆಯುಧಕ್ಕೆ ಹೊಂದುವಂತಿವೆ ಎಂದು ತಜ್ಞ ಹೇಳಬಹುದು. ಇದೇ ಆಯುಧದಿಂದ ಹಾರಿದ್ದು ಎಂದು ಯಾವ ಷರತ್ತೂ ಇಲ್ಲದೆ ಹೇಳುವಂತಿಲ್ಲ ಎಂದಿತು. 1969ರ ಸಾಕ್ಷ್ಯಕ್ಕೂ 1975ರ ವರದಿಗೂ ಇದ್ದ ಅಂತರವೇ ಇದು.

ನಮ್ಮಲ್ಲಿ

ಇದು ದೂರದ ದೇಶದ ಮಾತು ಎಂದು ಕೈತೊಳೆದುಕೊಳ್ಳುವ ಸ್ಥಿತಿಯಲ್ಲಿ ಕರ್ನಾಟಕ ಇಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ವಚನ ಸಾಹಿತ್ಯದ ವಿದ್ವಾಂಸ ಡಾ. ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ರಾಜರಾಜೇಶ್ವರಿನಗರದ ಮನೆಯ ಮುಂದೆ ಪತ್ರಕರ್ತೆ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಎಂಬ ವಿಧಿವಿಜ್ಞಾನ ಪ್ರಯೋಗಾಲಯದ ಅಭಿಪ್ರಾಯವನ್ನು ವಿಶೇಷ ತನಿಖಾ ದಳ ಎರಡು ಪ್ರಕರಣಗಳನ್ನು ಬೆಸೆಯುವ ಮುಖ್ಯ ಕೊಂಡಿಯಾಗಿ ಮುಂದಿಟ್ಟಿತು. ಇಷ್ಟು ಭಾರ ಹೊರುವ ಕೊಂಡಿ ಎಷ್ಟು ಗಟ್ಟಿ ಎಂಬುದನ್ನು ನೋಡಬೇಕಾದ ಜಾಗ ನ್ಯಾಯಾಲಯವೇ.

ಭಾರತದ ಕಾನೂನು ಇದಕ್ಕೆ ಅವಕಾಶ ಕೊಟ್ಟಿದೆ. 1872ರ ಸಾಕ್ಷ್ಯ ಅಧಿನಿಯಮದ 45ನೇ ಕಲಂ ತಜ್ಞನ ಮಾತನ್ನು ಅಭಿಪ್ರಾಯ ಎಂದೇ ಕರೆದಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರುವ ಹೊಸ ಕಾಯಿದೆಯ 39ನೇ ಕಲಂ ಕೂಡ ಹಾಗೆಯೇ ಹೇಳುತ್ತದೆ. ಅಭಿಪ್ರಾಯವನ್ನು ನ್ಯಾಯಾಧೀಶರು ಒಪ್ಪಲೇಬೇಕೆಂದಿಲ್ಲ. ಆದರೆ ಸರ್ಕಾರಿ ಪ್ರಯೋಗಾಲಯದ ಅಧಿಕಾರಿಗಳ ವರದಿಯನ್ನು, ಬರೆದವರನ್ನು ಕರೆಸದೆಯೂ ಸಾಕ್ಷ್ಯವಾಗಿ ಬಳಸಬಹುದು. ಬೇಕೆನಿಸಿದರೆ ಮಾತ್ರ ಅವರನ್ನು ಕರೆಸಿ ಪ್ರಶ್ನಿಸಬಹುದು. ಬೇಕೆನಿಸಬೇಕು ಎಂಬುದೇ ಇಲ್ಲಿ ಮುಖ್ಯ.

ತಜ್ಞನನ್ನು ಪ್ರಶ್ನಿಸುವುದೆಂದರೆ ಕೊಲೆಗಾರನ ಪರ ನಿಲ್ಲುವುದು ಎಂಬ ಭಾವನೆ ಜನರಲ್ಲಿದೆ. ಜನಪ್ರಿಯ ನಾಯಕನೊಬ್ಬ ಸತ್ತು ಊರೆಲ್ಲ ಕುದಿಯುತ್ತಿರುವಾಗ ಆ ಭಾವನೆ ಇನ್ನೂ ಬಲವಾಗುತ್ತದೆ. ಲಾಸ್ ಏಂಜಲೀಸ್‌ನ ಪ್ರಕರಣ ಬೇರೆಯದನ್ನೇ ತೋರಿಸುತ್ತದೆ. ಲಕೋಟೆಯ ಮೇಲಿನ ಸಂಖ್ಯೆ ಯಾಕೆ ಬೇರೆ, ಹೋಲಿಕೆಯ ಚಿತ್ರಗಳೆಲ್ಲಿ, ಚೌಕಟ್ಟಿನ ತೂತು ಯಾವುದರದ್ದು ಎಂಬ ಮೂರು ಪ್ರಶ್ನೆಗಳನ್ನು 1969ರಲ್ಲಿ ಕೇಳಲು ಹೆಚ್ಚೆಂದರೆ ಅರ್ಧ ದಿನ ಸಾಕಿತ್ತು. ಆಗಿನ್ನೂ ಮರದ ಚೌಕಟ್ಟು ಇತ್ತು, ಉಗ್ರಾಣ ಇತ್ತು. ಉತ್ತರ ಪೊಲೀಸರ ಪರವಾಗಿಯೇ ಬಂದಿದ್ದರೂ ಅದು ಪರೀಕ್ಷೆಗೆ ನಿಂತ ಉತ್ತರವಾಗಿರುತ್ತಿತ್ತು. ಕೇಳದೆ ಬಿಟ್ಟದ್ದರಿಂದ ಸಿರ್ಹಾನ್‌ಗೂ ಲಾಭವಾಗಲಿಲ್ಲ, ಪೊಲೀಸರಿಗೂ ಆಗಲಿಲ್ಲ. ತಂದೆಯನ್ನು ಕೊಂದ ಗುಂಡು ಯಾರದೆಂದು ಕೆನೆಡಿಯವರ ಮಕ್ಕಳು ಇಂದಿಗೂ ತಮ್ಮತಮ್ಮಲ್ಲೇ ಒಮ್ಮತಕ್ಕೆ ಬಂದಿಲ್ಲ.